ಮಲಹರಿಗೆ ಕೀ ಸಿಗ್ನೇಚರ್ ಹೇಗೆ ಹಾಕುತ್ತೀರಿ?

ಪ್ರಶ್ನೆ: ಇಲ್ಲಿ ಅಮೆರಿಕದಲ್ಲಿ ಮಗಳ ಶಾಲೆಯ ಆರ್ಕೆಸ್ಟ್ರಾದವರು ಒಂದು ಪಿಳ್ಳಾರಿ ಗೀತೆ (ಕರ್ನಾಟಕ ಸಂಗೀತದಲ್ಲಿ ಶುರುವಿನಲ್ಲಿ ಕಲಿಸುವ, ಮಲಹರಿ ರಾಗದ ಸಣ್ಣ ಹಾಡು) ನುಡಿಸುತ್ತೇವೆ ಅಂದಿದ್ದಾರೆ. ಸ್ಟಾಫ್ ನೊಟೇಶನ್‌ನಲ್ಲಿ (ಐದು ಗೆರೆಯ ಪಾಶ್ಚಾತ್ಯ ಸ್ವರಲಿಪಿ) ಬರೆದುಕೊಡಬೇಕು. ಅದರಲ್ಲಿ ಯಾವ ಸ್ವರ ಫ್ಲಾಟ್ (ಅರ್ಧ ಸ್ವರ ಕೆಳಗೆ), ಯಾವುದು ಶಾರ್ಪ್ (ಅರ್ಧ ಸ್ವರ ಮೇಲೆ) ಅಂತ ಸಾಲಿನ ಮೊದಲಲ್ಲೇ ಹಾಕುವ ಗುರುತೇ ಕೀ ಸಿಗ್ನೇಚರ್. ಷಡ್ಜ 'ಸಿ' ಅಂತ ಇಟ್ಟರೆ ಮಲಹರಿಗೆ ಡಿ ಫ್ಲಾಟ್, ಎ ಫ್ಲಾಟ್ ಎರಡೇ ಬರುತ್ತವೆ. ಮಾಮೂಲಿ ಸಿಗ್ನೇಚರ್‌ಗಳಲ್ಲಿ ಇದು ಇಲ್ಲ. ಬರೆದು ಅನುಭವ ಇರುವವರು ದಯವಿಟ್ಟು ಹೇಳಿ.

ಪಿಟೀಲು ಕಲಿಸುವವರು: ಆ ಎರಡನ್ನೇ ಧೈರ್ಯವಾಗಿ ಹಾಕಿ ಮೇಡಂ. ಆದರೆ ಒಂದು ಅಪಾಯ ಇದೆ. ಅವರ ಪದ್ಧತಿಯಲ್ಲಿ ಫ್ಲಾಟ್‌ಗಳು ಬಿ, ಇ, ಎ, ಡಿ ಅನ್ನುವ ಸರದಿಯಲ್ಲೇ ಬರುತ್ತವೆ. ಹಾಗಾಗಿ ಎರಡು ಫ್ಲಾಟ್ ಕಂಡ ಕೂಡಲೇ ಮಕ್ಕಳು ಅವು ಯಾವ ಗೆರೆಯಲ್ಲಿವೆ ಅಂತ ನೋಡುವುದಿಲ್ಲ, ಸುಮ್ನೆ ಬಿ ಫ್ಲಾಟ್, ಇ ಫ್ಲಾಟ್ ನುಡಿಸುತ್ತಾರೆ. ಆಗ ರಿ ಚತುಶ್ರುತಿ (ಅರ್ಧ ಸ್ವರ ಮೇಲಿನ ರಿ), ಗ ಸಾಧಾರಣ (ಅರ್ಧ ಸ್ವರ ಕೆಳಗಿನ ಗ) ಆಗುತ್ತದೆ. ಅದು ಮಲಹರಿಯೇ ಅಲ್ಲ, ಅಲ್ವಾ? ಅದಕ್ಕೇ ಹಾಡಿನ ಮೇಲೆ ಆರೋಹಣ ಅವರೋಹಣವನ್ನು ಒಂದು ಸಾಲು ಬರೆದು, ಪ್ರತಿ ರಿ, ದ ಪಕ್ಕವೂ ಫ್ಲಾಟ್ ಗುರುತು ಹಾಕುತ್ತೇನೆ. ಮೊದಲು ಅದನ್ನು ಎಲ್ಲರ ಕೈಲೂ ನುಡಿಸುತ್ತೇನೆ. ಹಾಡಿನ ಮೊದಲ ಎರಡು ಸಾಲಲ್ಲೂ ಕಂಸದೊಳಗೆ ಅದೇ ಗುರುತು ಇರಲಿ.

ಪಿಯಾನೋ ನುಡಿಸುವವರು: ಶಾಲೆಯವರು 'ಇದು ತಪ್ಪು' ಅಂದರೆ ಹಂಗೇರಿಯ ಸಂಗೀತ ರಚನಕಾರ ಬಾರ್ಟೋಕ್ ಹೆಸರು ಹೇಳಿ. 1908ರ ಅವರ ಬ್ಯಾಗಟೆಲ್‌ಗಳಲ್ಲಿ (ಪಿಯಾನೋದ ಸಣ್ಣ ಕೃತಿಗಳು) ಮೊದಲನೆಯದಕ್ಕೆ ಬಲಗೈಗೆ ನಾಲ್ಕು ಶಾರ್ಪ್, ಎಡಗೈಗೆ ನಾಲ್ಕು ಫ್ಲಾಟ್ ಇವೆ.

ವೀಣೆಯವರು: ನನ್ನ ನಿಯಮ ಇದು: ರಾಗದಲ್ಲಿ ಇರುವ ಸ್ವರಕ್ಕೆ ಮಾತ್ರ ಗುರುತು. ಮೋಹನ ರಾಗ ಹರಿಕಾಂಭೋಜಿ ಮೇಳದ ಜನ್ಯ (ಅದರಿಂದ ಹುಟ್ಟಿದ್ದು) ಅಂತ ಬಿ ಫ್ಲಾಟ್ ಹಾಕುವವರಿದ್ದಾರೆ. ನಿಷಾದವೇ ಇಲ್ಲದ ರಾಗಕ್ಕೆ ಅದು ಯಾಕೆ? ಆಭೋಗಿಗೆ ಇ ಫ್ಲಾಟ್ ಒಂದೇ ಸಾಕು. ಕಾಂಭೋಜಿಗೆ ಬಿ ಫ್ಲಾಟ್ ಇಟ್ಟು, 'ಸ ನಿ ಪ ದ ಸ' ಬಂದಲ್ಲಿ ಮಾತ್ರ ನ್ಯಾಚುರಲ್ (ಫ್ಲಾಟನ್ನು ರದ್ದು ಮಾಡುವ ಗುರುತು) ಹಾಕಿ, ಅಲ್ಲಿ ಕಾಕಲಿ ನಿಷಾದ (ಮೇಲಿನ ನಿ).

ವಿವಾದಿ ಮೇಳಗಳಲ್ಲಿ (ಪಕ್ಕದ ಎರಡು ಸ್ವರ ತೀರಾ ಹತ್ತಿರ ಬರುವ ಮೇಳಗಳು) ಜಾಸ್ತಿ ಎಚ್ಚರ ಬೇಕು. ಚಲನಾಟದ ಷಟ್‌ಶ್ರುತಿ ರಿ (ರಿಗಳಲ್ಲಿ ಎಲ್ಲಕ್ಕಿಂತ ಮೇಲಿನದು) ಕೀಬೋರ್ಡಿನಲ್ಲಿ ಇ ಫ್ಲಾಟ್ ಕಟ್ಟೆಯೇ. ಆದರೆ ಹಾಗೆ ಬರೆದರೆ ರಿ, ಗ ಎರಡೂ ಒಂದೇ ಗೆರೆಯಲ್ಲಿ ಕೂರುತ್ತವೆ. ಡಿ ಶಾರ್ಪ್ ಅಂತಲೇ ಬರೆಯಿರಿ, ಧೈವತಕ್ಕೂ ಎ ಶಾರ್ಪ್. ಏಳು ಸ್ವರಕ್ಕೆ ಏಳು ಜಾಗ ಸಿಗುತ್ತದೆ.

ಹಾಡುವವರ ಶ್ರುತಿ ಐದೂವರೆ (ಷಡ್ಜ ಜಿ ಶಾರ್ಪ್) ಇದ್ದರೂ 'ಸಿ'ಯಲ್ಲೇ ಬರೆದು, ಮೇಲೆ 'ಸ = ಜಿ ಶಾರ್ಪ್' ಅಂತ ಹಾಕುವುದು ಹಾಡುವವರಿಗೆ ಸುಲಭ. ಅದೇ ಕಟ್ಟೆಯನ್ನು ಎ ಫ್ಲಾಟ್ ಅಂತ ಕರೆದು ಷಡ್ಜ ಮಾಡಿ ಮಲಹರಿ ಬರೆದರೆ ರಿಷಭವೇ ಬಿ ಡಬಲ್ ಫ್ಲಾಟ್ (ಎರಡು ಸಲ ಇಳಿಸಿದ ಬಿ) ಆಗುತ್ತದೆ. ಪಾಪ, ಮಕ್ಕಳಿಗೆ ಅದು ಬೇಡ.

ದುಬೈಯಿಂದ: ನಾನು ಊದ್ (ಅರಬ್ಬರ ತಂತಿವಾದ್ಯ) ಕಲಿಯುತ್ತಿದ್ದೇನೆ. ಅರಬ್ಬರು ರಾಸ್ತ್ ಮಕಾಮಿಗೆ (ಮಕಾಮ್ ಅಂದರೆ ನಮ್ಮ ರಾಗದಂಥದ್ದು) ಇ, ಬಿ ಎರಡಕ್ಕೂ ಅರ್ಧ ಫ್ಲಾಟನ್ನು ಸಿಗ್ನೇಚರ್‌ನಲ್ಲೇ ಇಡುತ್ತಾರೆ. ಆ ಅರ್ಧ ಎಷ್ಟು ಅನ್ನುವುದು ಊರಿಂದ ಊರಿಗೆ ಬದಲಾಗುತ್ತದೆ, ಕಿವಿಯಿಂದಲೇ ಕಲಿಯಬೇಕು. ನಮ್ಮ ತೋಡಿಯ ಗಾಂಧಾರವೂ ಹಾಗೆಯೇ. ಸಿಗ್ನೇಚರ್ ಏನೇ ಇರಲಿ, ಹಾಡಿದ ರೆಕಾರ್ಡಿಂಗ್ ಒಂದನ್ನು ಜೊತೆಗೆ ಕಳಿಸಿ.

ಕೇಳಿದವರು: ತುಂಬಾ ಉಪಕಾರ. ಮ್ಯೂಸ್‌ಸ್ಕೋರ್‌ನಲ್ಲಿ (ನೊಟೇಶನ್ ಬರೆಯುವ ಸಾಫ್ಟ್‌ವೇರ್) ಇದು ಆಗುತ್ತದಾ?

ಪಿಟೀಲು ಕಲಿಸುವವರು: ಆಗುತ್ತದೆ. ಮಾಸ್ಟರ್ ಪ್ಯಾಲೆಟ್‌ನಲ್ಲಿ ಕೀ ಸಿಗ್ನೇಚರ್ ತೆರೆದು ಫ್ಲಾಟನ್ನು ಎಳೆದು ಬಿಡಿ: ಡಿ ಕೆಳಗಿಂದ ನಾಲ್ಕನೇ ಗೆರೆ, ಎ ಎರಡನೇ ಸಂದು. ವಯೋಲಾ, ಚೆಲ್ಲೋಗಳ ಕ್ಲೆಫ್ (ಯಾವ ಗೆರೆ ಯಾವ ಸ್ವರ ಅಂತ ಹೇಳುವ ಚಿಹ್ನೆ) ಬೇರೆ. ಅಲ್ಲಿ ಗುರುತು ಸರಿಯಾದ ಜಾಗದಲ್ಲಿದೆಯಾ ಅಂತ ಪ್ರಿಂಟ್ ತೆಗೆಯುವ ಮುಂಚೆ ನೋಡಿಕೊಳ್ಳಿ.