ಸಹಾಯ ಬೇಕು: ಅಕ್ಕನಿಗೆ ಎಚ್‌ಪಿವಿ, ಜೊತೆಗೆ ಮತ್ತೆ ಮತ್ತೆ ಬರುವ ಬ್ಯಾಕ್ಟೀರಿಯಾ ಸೋಂಕು

ಎಲ್ಲರಿಗೂ ನಮಸ್ಕಾರ. ನಮ್ಮಕ್ಕನಿಗೆ 38 ವರ್ಷ, ಹಾಸನದ ಹತ್ತಿರ ಹಳ್ಳಿಯಲ್ಲಿದ್ದಾಳೆ. ಒಂದು ವರ್ಷದಿಂದ ಬಿಳಿಸೆರಗು, ಮೀನಿನಂಥ ವಾಸನೆ. ಬ್ಯಾಕ್ಟೀರಿಯಲ್ ವಜೈನೋಸಿಸ್ (ಯೋನಿಯ ಬ್ಯಾಕ್ಟೀರಿಯಾಗಳ ಸಮತೋಲನ ತಪ್ಪುವುದು) ಅಂತ ಮೆಟ್ರೋನಿಡಜೋಲ್ ಮಾತ್ರೆ ಕೊಟ್ಟರು. 7 ದಿನ ನುಂಗಿದರೆ ಹೋಗುತ್ತೆ, ಎರಡು ತಿಂಗಳಿಗೆ ಮತ್ತೆ ಶುರು. ಹೋದ ವಾರ ಎಚ್‌ಪಿವಿ (ಲೈಂಗಿಕ ಸಂಪರ್ಕದಿಂದ ಹರಡುವ, ಗರ್ಭಕಂಠದ ಕ್ಯಾನ್ಸರ್ ತರಬಲ್ಲ ವೈರಸ್) ಟೆಸ್ಟಿನಲ್ಲಿ 16ನೇ ತಳಿ ಪಾಸಿಟಿವ್ ಬಂತು. ರಿಪೋರ್ಟನ್ನು ನಾಲ್ಕು ಮಡಿಕೆ ಮಾಡಿ ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟಿದ್ದಳು. ಭಾವನಿಗೆ ಹೇಳಿಲ್ಲ.

ನಾನು ಓದಿ ತಿಳಿದದ್ದು ಇಷ್ಟು. ಯೋನಿಯ ಒಳ್ಳೆಯ ಬ್ಯಾಕ್ಟೀರಿಯಾ ಲ್ಯಾಕ್ಟೊಬ್ಯಾಸಿಲಸ್, ಲ್ಯಾಕ್ಟಿಕ್ ಆಮ್ಲ ಮಾಡಿ ಪಿಎಚ್ (ಆಮ್ಲೀಯತೆಯ ಅಳತೆ) ಅನ್ನು 4.5ರ ಒಳಗೆ ಇಡುತ್ತೆ. ಈ ಬ್ಯಾಕ್ಟೀರಿಯಾ ಕಮ್ಮಿಯಾದ ಹೆಂಗಸರಲ್ಲಿ ಎಚ್‌ಪಿವಿ ಹೆಚ್ಚು ಕಾಲ ಉಳಿಯುವುದು ಕಂಡುಬಂದಿದೆ. ಹೆಚ್ಚಿನವರಿಗೆ ಈ ವೈರಸ್ ಒಂದೆರಡು ವರ್ಷದಲ್ಲಿ ತಾನಾಗೇ ಹೋಗುತ್ತೆ; ಉಳಿದರೇ ಭಯ. ಗರ್ಭಕಂಠದ ಕ್ಯಾನ್ಸರ್‌ಗಳಲ್ಲಿ ಸುಮಾರು 70% ಬರುವುದು ಎಚ್‌ಪಿವಿಯ 16, 18ನೇ ತಳಿಗಳಿಂದಲೇ.

ಕಾಲ್ಪೋಸ್ಕೋಪಿಗೆ (ಗರ್ಭಕಂಠವನ್ನು ದೊಡ್ಡದಾಗಿ ತೋರಿಸುವ ಉಪಕರಣದಿಂದ ನೋಡುವ ಪರೀಕ್ಷೆ) ಮೊದಲು ವಜೈನೋಸಿಸ್ ವಾಸಿ ಮಾಡಿಕೊಳ್ಳಬೇಕಾ, ಕಾಯದೆ ಮಾಡಿಸೋದಾ? ಇಲ್ಲಿ ಸ್ತ್ರೀರೋಗ ತಜ್ಞರಿದ್ದರೆ ದಯವಿಟ್ಟು ಹೇಳಿ. ಹಾಸನ, ಮೈಸೂರಿನಲ್ಲಿ ತಾಳ್ಮೆಯಿಂದ ಕನ್ನಡದಲ್ಲಿ ವಿವರಿಸುವ ಲೇಡಿ ಡಾಕ್ಟರ್ ಗೊತ್ತಿದ್ದರೆ ಮೆಸೇಜ್ ಮಾಡಿ. ಬೆಂಗಳೂರಾದರೂ ಕರೆದುಕೊಂಡು ಬರ್ತೀನಿ.

ಇನ್ನೊಂದು. ಗಂಡನಿಗೂ ಚಿಕಿತ್ಸೆ ಕೊಟ್ಟರೆ ವಜೈನೋಸಿಸ್ ಮರುಕಳಿಸೋದು ಕಮ್ಮಿ ಅಂತ 2025ರಲ್ಲಿ ಆಸ್ಟ್ರೇಲಿಯಾದ ಅಧ್ಯಯನ ಬಂದಿದೆ. ಅಂದರೆ ಭಾವನಿಗೆ ಹೇಳಲೇಬೇಕು. ಎಚ್‌ಪಿವಿ ವರ್ಷಗಟ್ಟಲೆ ಸುಮ್ಮನೆ ಇರಬಲ್ಲದು, ಇದು ನಡತೆಯ ಪ್ರಶ್ನೆ ಅಲ್ಲ ಅಂತ ಮನೆಯಲ್ಲಿ ಹೇಗೆ ಮಾತು ತೆಗೆದಿರಿ? ಅನುಭವ ಇದ್ದವರು ಹೇಳಿ.

ಲೋಷನ್ ಹಾಕಿ ಒಳಗೆ ತೊಳೆಯಿರಿ ಅನ್ನೋ ಸಲಹೆ ಮಾತ್ರ ಬೇಡ, ಅದರಿಂದ ಇನ್ನೂ ಕೆಡುತ್ತೆ.