ಜಿಮ್ ಟ್ರೈನರ್ ಆಗೋದಾ, ಫಿಸಿಯೋ ಓದೋದಾ? ಸಂಬಳದ ಲೆಕ್ಕ ಹೇಳಿ

ತಮ್ಮನಿಗೆ ವರ್ಕೌಟ್ ಹುಚ್ಚು. ಸರ್ಟಿಫಿಕೇಟ್ ಮಾಡ್ಕೊಂಡು ಬೇಗ ಟ್ರೈನರ್ ಆಗ್ತೀನಿ ಅಂತಾನೆ. ಅಪ್ಪ ಫಿಸಿಯೋಥೆರಪಿ ಓದು ಅಂತಾರೆ. ದುಡ್ಡು ಯಾವುದರಲ್ಲಿ ಜಾಸ್ತಿ? ಕೆಲಸದಲ್ಲಿ ಇರುವವರು ಹೇಳಿ.

ಉತ್ತರ 1: ನಾನು ಟ್ರೈನರ್. ಮೂಲ ಸಂಬಳ ನಂಬಿಕೊಂಡರೆ ಕಷ್ಟ. ಕಾಸು ಬರೋದೇ ಪರ್ಸನಲ್ ಟ್ರೈನಿಂಗ್‌ನಿಂದ, ಅದರಲ್ಲೂ ಜಿಮ್ ತನ್ನ ಪಾಲು ಹಿಡಿದುಕೊಂಡು ಉಳಿದದ್ದು ಕೊಡುತ್ತೆ. ಬೆಳಿಗ್ಗೆ ಐದೂವರೆಗೆ ಬಾಗಿಲು ತೆಗೀಬೇಕು, ಹತ್ತರ ಮೇಲೆ ಜನ ಇಲ್ಲ, ಮತ್ತೆ ಸಂಜೆಯಿಂದ ರಾತ್ರಿವರೆಗೆ ನಿಂತೇ ಇರಬೇಕು, ಮಧ್ಯದ ಹೊತ್ತಿಗೆ ಯಾರೂ ದುಡ್ಡು ಕೊಡಲ್ಲ. ನೀವು ತೂಕ ಜೋಡಿಸಿಟ್ಟು ಕಾಯ್ತಿರ್ತೀರಿ, ಆಗ ಮೆಸೇಜ್ ಬರುತ್ತೆ: 'ಸಾರ್, ಇವತ್ತು ಆಗಲ್ಲ'. ಆ ಸೆಷನ್ ಹೋಯ್ತು. ಜನವರಿಯಲ್ಲಿ ತುಂಬಿ ತುಳುಕುವ ಜಿಮ್ ಎರಡು ತಿಂಗಳಲ್ಲಿ ಖಾಲಿ ಹೊಡೆಯುತ್ತೆ. ಏಸ್, ಎನ್‌ಎಎಸ್‌ಎಂ ತರಹದ ಅಮೆರಿಕದ ಸಂಸ್ಥೆಗಳು ಕೊಡೋ ಟ್ರೈನರ್ ಸರ್ಟಿಫಿಕೇಟನ್ನು 2 ವರ್ಷಕ್ಕೊಮ್ಮೆ ರಿನ್ಯೂ ಮಾಡಿಸಬೇಕು, ಆ ಖರ್ಚೂ ನಮ್ಮದೇ. ಆದರೆ ಒಮ್ಮೆ ಹೆಸರು ಮಾಡಿ ಸ್ವಂತ ಕ್ಲೈಂಟ್‌ಗಳು ಕೂಡಿದರೆ ಒಳ್ಳೇ ಸಂಪಾದನೆ ಇದೆ, ಸುಳ್ಳು ಹೇಳಲ್ಲ.

ಉತ್ತರ 2: ನಾನು ಫಿಸಿಯೋ. ಆಸ್ಪತ್ರೆ ಸೇರಿದ ಹೊಸದರಲ್ಲಿ ನನ್ನ ಸಂಬಳ ಕೇಳಿ ಜಿಮ್‌ನಲ್ಲಿದ್ದ ಗೆಳೆಯ ನಕ್ಕಿದ್ದ. ಅವನದು ತಪ್ಪಲ್ಲ ಬಿಡಿ, ನಾನು ಓದು ಮುಗಿಸೋ ಹೊತ್ತಿಗೆ ಅವನು ವರ್ಷಗಟ್ಟಲೆ ದುಡಿದಿದ್ದ. ವರ್ಲ್ಡ್ ಫಿಸಿಯೋಥೆರಪಿ ಸಂಸ್ಥೆಯೇ ಕನಿಷ್ಠ 4 ವರ್ಷದ ಯೂನಿವರ್ಸಿಟಿ ಓದು ಬೇಕು ಅನ್ನುತ್ತೆ. ಫೀಸು, ಅಷ್ಟು ವರ್ಷ ಬಾರದ ಸಂಬಳ, ಎರಡನ್ನೂ ಲೆಕ್ಕಕ್ಕೆ ಹಿಡಿಯಿರಿ. ಆಮೇಲೆ ಆಟ ತಿರುಗುತ್ತೆ. ಸ್ಟ್ರೋಕ್ ಆದವರು, ಮೊಣಕಾಲು ಆಪರೇಷನ್ ಆದವರು 'ಈ ತಿಂಗಳು ಬೇಡ' ಅಂತ ಸುಮ್ನೆ ಬಿಡೋಕಾಗಲ್ಲ. ಡಾಕ್ಟರೇ ಕಳಿಸ್ತಾರೆ, ನಾವು ಹೋಗಿ ಮೆಂಬರ್‌ಶಿಪ್ ಮಾರಬೇಕಿಲ್ಲ. ಡ್ಯೂಟಿ ಮುಗಿದ ಮೇಲೆ ಮನೆಗೆ ಹೋಗಿ ನೋಡುವ ಪೇಷೆಂಟ್‌ಗಳಿಂದ ಬರುವುದು ಬೇರೆ. ನನ್ನ ಕೇಳಿದರೆ, ಓದುವ ತಾಳ್ಮೆ ಇದ್ದರೆ ಇದೇ ವಾಸಿ. ಸೊಂಟ ಮಾತ್ರ ನಮ್ಮದೂ ಹೋಗುತ್ತೆ, ಪೇಷೆಂಟನ್ನು ಎತ್ತಿ ಕೂರಿಸಿ.

ಉತ್ತರ 3: ಟ್ರೈನರ್ ಕೆಲಸಕ್ಕೇ ಹೋಗೋದಾದರೆ ಒಂದು ಮಾತು. 'ಇಷ್ಟು ಸಂಪಾದಿಸಬಹುದು' ಅಂತ ಇಂಟರ್ವ್ಯೂನಲ್ಲಿ ಹೇಳೋದು ಟಾರ್ಗೆಟ್ ಮುಟ್ಟಿದಾಗಿನ ಲೆಕ್ಕ. ಒಬ್ಬನೂ ಪರ್ಸನಲ್ ಟ್ರೈನಿಂಗ್‌ಗೆ ಸೇರದಿದ್ದರೆ ಕೈಗೆ ಎಷ್ಟು ಬರುತ್ತೆ ಅಂತ ಬರಹದಲ್ಲಿ ಕೇಳಿ. ಕ್ಲೈಂಟ್ ಕೊನೇ ಗಳಿಗೆಯಲ್ಲಿ ಕೈಕೊಟ್ಟರೆ ದುಡ್ಡು ಯಾರು ಕೊಡ್ತಾರೆ, ಕೆಲಸ ಬಿಟ್ಟ ಮೇಲೆ ಅದೇ ಕ್ಲೈಂಟ್‌ಗೆ ಹೇಳಿಕೊಡಬಹುದಾ ಅನ್ನೋದನ್ನೂ ಸಹಿ ಹಾಕೋ ಮುಂಚೆಯೇ ಕೇಳಲಿ.