ಹಲ್ಲಿಗೆ ಫಿಲ್ಲಿಂಗ್ ಮಾಡಿಸುವಾಗ ತುಂಬಾ ನೋವಾಗುತ್ತದಾ?

ವಿಜಯನಗರದ ಮಲ್ಲಿಗೆ:
ಎಡಗಡೆ ಕೆಳಗಿನ ದವಡೆ ಹಲ್ಲು ಹುಳುಕಾಗಿದೆ. ತಣ್ಣೀರು ಕುಡಿದರೆ ಜುಮ್ ಅನ್ನುತ್ತದೆ, ಮೈಸೂರು ಪಾಕ್ ಬಾಯಿಗಿಟ್ಟರೂ ಅಷ್ಟೇ. ಡಾಕ್ಟರ್ ಎಕ್ಸ್‌ರೇ ನೋಡಿ ಫಿಲ್ಲಿಂಗ್ ಸಾಕು ಎಂದರು. ಶನಿವಾರ ಬರಲು ಹೇಳಿದ್ದಾರೆ. ಚಿಕ್ಕವಳಿದ್ದಾಗ ಹಲ್ಲು ಕೀಳಿಸಿದ ಭಯ ಇನ್ನೂ ಹೋಗಿಲ್ಲ, ಡ್ರಿಲ್ ಸದ್ದಿಗೇ ಕೈ ಬೆವರುತ್ತದೆ. ಮಾಡಿಸಿಕೊಂಡವರು ಇದ್ದದ್ದು ಇದ್ದ ಹಾಗೆ ಹೇಳಿ. ಸುಮ್ನೆ ಸಮಾಧಾನ ಬೇಡ.

ಬಸವನಗುಡಿಯವಳು:
ಮಲ್ಲಿಗೆ ಅವರೇ, ಹೋದ ಆಷಾಢದಲ್ಲಿ ನಾನೂ ಕೆಳದವಡೆ ಹಲ್ಲಿಗೇ ಮಾಡಿಸಿಕೊಂಡೆ. ಮೊದಲು ವಸಡಿಗೆ ಜೆಲ್ ಹಚ್ಚಿದರು. ಆಮೇಲೆ ಇಂಜೆಕ್ಷನ್. ಹತ್ತು ಎಣಿಸುವಷ್ಟು ಹೊತ್ತು ನೋವಾಯಿತು. ಸ್ವಲ್ಪ ಹೊತ್ತಿಗೆ ಅರ್ಧ ತುಟಿ, ಅರ್ಧ ನಾಲಿಗೆ ಮರಗಟ್ಟಿತು. ಡ್ರಿಲ್ ಹಾಕಿದಾಗ ಹಲ್ಲು ಅದುರುವುದು, ನೀರು ಚಿಮ್ಮುವುದು ಎಲ್ಲಾ ಗೊತ್ತಾಗುತ್ತದೆ. ಸದ್ದಂತೂ ತಲೆಯೊಳಗೇ ಕೇಳುತ್ತದೆ. ನೋವಿರಲಿಲ್ಲ. ನಡುವೆ ಒಮ್ಮೆ ಚುರ್ ಎಂದಿತು. ಎಡಗೈ ಎತ್ತಿದೆ, ಡಾಕ್ಟರ್ ತಕ್ಷಣ ನಿಲ್ಲಿಸಿ ಮತ್ತೆ ಮದ್ದು ಕೊಟ್ಟರು. ಈ ಕೈಸನ್ನೆ ಕುರ್ಚಿಯಲ್ಲಿ ಕೂತ ಕೂಡಲೇ ಮಾತಾಡಿಕೊಳ್ಳಿ. ನನಗೆ ಧೈರ್ಯ ಬಂದದ್ದೇ ಅದರಿಂದ. ಕೊನೆಗೆ ಹಲ್ಲಿನ ಬಣ್ಣದ ಕಾಂಪೋಸಿಟ್ ತುಂಬಿ, ನೀಲಿ ಬೆಳಕು ಹಿಡಿದು ಗಟ್ಟಿ ಮಾಡಿದರು.

ನಿಜವಾದ ನೋವು ಆಮೇಲೆ ಬಂತು. ಬಣ್ಣದ ಕಾಗದ ಇಟ್ಟು "ಕಚ್ಚಿ ನೋಡಿ, ಎತ್ತರ ಅನ್ನಿಸುತ್ತದಾ?" ಎಂದು ಕೇಳಿದ್ದರು. ಮರಗಟ್ಟಿದ ಬಾಯಲ್ಲಿ ಏನು ತಿಳಿಯುತ್ತದೆ? ಸರಿಯಿದೆ ಎಂದುಬಿಟ್ಟೆ. ಮರುದಿನ ರೊಟ್ಟಿ ಅಗಿದರೆ ಆ ಹಲ್ಲೇ ಮೊದಲು ತಾಗುತ್ತಿತ್ತು. ತಾನಾಗೇ ಹೋಗುತ್ತದೆ ಎಂದು ನಾಲ್ಕು ದಿನ ಸುಮ್ಮನಿದ್ದೆ. ಮತ್ತೆ ಹೋದಾಗ ಎರಡೇ ನಿಮಿಷದಲ್ಲಿ ಮೇಲೆ ಸ್ವಲ್ಪ ಉಜ್ಜಿ ಸರಿಮಾಡಿದರು. ನೀವು ಹಾಗೆ ಕಾಯಬೇಡಿ. ತಣ್ಣಗಿನದಕ್ಕೆ ಕೆಲವು ದಿನ ಜುಮ್ ಅನ್ನುವುದು ಬೇರೆ, ಅದು ನನಗೆ ನಿಧಾನವಾಗಿ ಹೋಯಿತು.

ಚಾಮರಾಜಪೇಟೆ ಹುಡುಗ:
ದಯವಿಟ್ಟು ಮುಂದೂಡಬೇಡಿ ಅಕ್ಕ. ನಮ್ಮಣ್ಣ ಲವಂಗದ ಎಣ್ಣೆ ಹಚ್ಚಿಕೊಂಡೇ ಆರು ತಿಂಗಳು ತಳ್ಳಿದ. ಹುಳುಕು ನರದವರೆಗೂ ಇಳಿದು, ರಾತ್ರಿ ಎದ್ದು ಕೂರುವಂಥ ನೋವು. ಕೊನೆಗೆ ರೂಟ್ ಕೆನಾಲ್ ಮಾಡಿಸಬೇಕಾಯಿತು. ಖರ್ಚಿನ ಯೋಚನೆ ಇದ್ದರೆ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಸರ್ಕಾರಿ ಡೆಂಟಲ್ ಕಾಲೇಜು ಇದೆ.

ವಿಜಯನಗರದ ಮಲ್ಲಿಗೆ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಕೈಸನ್ನೆ ವಿಷಯ ಖಂಡಿತ ಕೇಳುತ್ತೇನೆ. ತಿಂಡಿ ತಿಂದು ಹೋಗಬಹುದಾ?

ಬಸವನಗುಡಿಯವಳು:
ತಿಂದೇ ಹೋಗಿ. ಆಮೇಲೆ ಎರಡು ಮೂರು ಗಂಟೆ ಮರಗಟ್ಟಿರುತ್ತದೆ, ಗೊತ್ತಿಲ್ಲದೆ ತುಟಿ ಕಚ್ಚಿಕೊಳ್ಳುತ್ತೀರಿ. ಅಲ್ಲಿಯವರೆಗೆ ಬಿಸಿ ಕಾಫಿಯೂ ಬೇಡ.